ಯಾರಿಗೂ ಬೇಡವಾದ ಎರಡನೇ ಲೆಕ್ಕ

ನನಗೆ ಸಿಟ್ಟು ಜಾಸ್ತಿ ಎಂದು ಕೊಟ್ಟೂರಿನ ಆ ಕಾಲೇಜಿನಲ್ಲಿ ಇವತ್ತಿಗೂ ಹೇಳುತ್ತಾರಂತೆ. ನನ್ನನ್ನು ಕೇಳಿದರೆ ನಾನು ಪಟ್ಟ ಸಿಟ್ಟು ಸಾಲದು. ಇನ್ನೂ ನಾಲ್ಕು ಊರಿಗೆ ಕೇಳುವ ಹಾಗೆ ಸಿಟ್ಟಾಗಬೇಕಿತ್ತು. ಹೆಣ್ಣುಮಗಳು ದನಿ ಎತ್ತಿದರೆ ಅದಕ್ಕೆ ಸಿಟ್ಟು ಎನ್ನುತ್ತಾರೆ, ಗಂಡಸು ಎತ್ತಿದರೆ ಶಿಸ್ತು ಎನ್ನುತ್ತಾರೆ. ಈ ಮಾತು ಇಲ್ಲಿಗೇ ಬಿಡುತ್ತೇನೆ, ಯಾಕೆಂದರೆ ಹೇಳಬೇಕಾದದ್ದು ಬೇರೆ ಇದೆ.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳವು. ನಾನು ಹಗರಿಬೊಮ್ಮನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಕೊಟ್ಟೂರಿನ ಆ ಕಾಲೇಜಿಗೆ ಹೋಗಿ ರಸಾಯನಶಾಸ್ತ್ರ ಪಾಠ ಮಾಡಿ ಬರುತ್ತಿದ್ದೆ. ಗಂಡನದು ಗೊಬ್ಬರದ ಅಂಗಡಿ. ಅಪ್ಪನ ಮನೆ ಕೊಟ್ಟೂರಿನಲ್ಲೇ, ಶೇಂಗಾ ಮಂಡಿಯ ವ್ಯಾಪಾರ. ಪಾಠದ ಜೊತೆಗೆ ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದೆ. ವಿಷಯ ಏನು ಎಂದು ಯಾರಾದರೂ ಕೇಳಿದರೆ ನೀರು ಬಿಟ್ಟು ಬೇರೇನೂ ಉಗುಳದ ಬ್ಯಾಟರಿ ಎಂದು ಹೇಳಿ ಮುಗಿಸುತ್ತಿದ್ದೆ.

ಅದಕ್ಕೆ ಇಂಧನ ಕೋಶ ಎನ್ನುತ್ತಾರೆ. ಒಂದು ಕಡೆಯಿಂದ ಜಲಜನಕ ಕೊಡಬೇಕು, ಇನ್ನೊಂದು ಕಡೆಯಿಂದ ಗಾಳಿಯ ಆಮ್ಲಜನಕ. ಎರಡೂ ಸೇರಿ ನೀರಾಗುವಾಗ ವಿದ್ಯುತ್ತು ಹುಟ್ಟುತ್ತದೆ. ಆದರೆ ಆಮ್ಲಜನಕ ಸುಮ್ಮನೆ ಸೇರುವುದಿಲ್ಲ, ಸೇರಿಸಲು ನಡುವೆ ಒಂದು ಲೋಹ ಬೇಕು. ಪ್ಲಾಟಿನಂ ಆ ಕೆಲಸ ಮಾಡುತ್ತದೆ. ಅಪ್ಪನ ಮಂಡಿಯ ಒಳ್ಳೆಯ ಹಮಾಲಿಯ ಹಾಗೆ ಚೀಲ ಎತ್ತುತ್ತದೆ, ಹೊರುತ್ತದೆ, ಇಳಿಸುತ್ತದೆ, ಕೈ ಖಾಲಿ ಮಾಡಿಕೊಂಡು ಮುಂದಿನ ಚೀಲಕ್ಕೆ ಬರುತ್ತದೆ. ಇಂಥ ಲೋಹಕ್ಕೆ ನಾವು ಕ್ರಿಯಾವರ್ಧಕ ಎನ್ನುತ್ತೇವೆ. ತೊಂದರೆ ಏನೆಂದರೆ ಪ್ಲಾಟಿನಂ ಆಗ ಬಂಗಾರಕ್ಕಿಂತ ದುಬಾರಿ. ಅಗ್ಗದ ಲೋಹಗಳಲ್ಲಿ ಕೆಲವು ಚೀಲ ಎತ್ತಿದರೆ ಇಳಿಸುವುದಿಲ್ಲ, ಕೆಲವು ಎತ್ತುವುದೇ ಇಲ್ಲ. ಹದವಾಗಿ ಹಿಡಿದು ಹದವಾಗಿ ಬಿಡುವ ಅಗ್ಗದ ಹಮಾಲಿಯನ್ನು ಹುಡುಕುವುದೇ ನನ್ನ ಕೆಲಸವಾಗಿತ್ತು.

ಲೋಹ ತಂದು, ಕುಲುಮೆಯಲ್ಲಿ ಕಾಯಿಸಿ, ಅಳೆದು ನೋಡಲು ನಮ್ಮ ಕಾಲೇಜಿನಲ್ಲಿ ಏನಿತ್ತು? ಬರ್ನರಿಗೆ ಗ್ಯಾಸ್ ಇದ್ದರೆ ಆ ದಿನ ಹಬ್ಬ. ಅದಕ್ಕೇ ನಾನು ಕಂಪ್ಯೂಟರ್ ದಾರಿ ಹಿಡಿದದ್ದು. ಪರಮಾಣುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಆಮ್ಲಜನಕ ಅವುಗಳ ಮೇಲೆ ಎಷ್ಟು ಗಟ್ಟಿಯಾಗಿ ಕೂರುತ್ತದೆ ಎಂದು ಲೆಕ್ಕ ಹಾಕಬಹುದು. ನೂರು ಮಿಶ್ರಣಗಳಲ್ಲಿ ಕೆಲಸಕ್ಕೆ ಬಾರದವನ್ನು ಹೀಗೆ ತೆಗೆದುಹಾಕಿದರೆ, ಉಳಿದ ಎರಡು ಮೂರನ್ನು ಕುಲುಮೆ ಇದ್ದವರು ಮಾಡಿ ನೋಡುತ್ತಾರೆ. ಲೆಕ್ಕ ಎಂದರೆ ಜರಡಿ, ಅಷ್ಟೆ. ಜರಡಿ ಹಿಡಿದವಳು ಅಡುಗೆ ಮಾಡಿ ಬಡಿಸಿದೆ ಎಂದು ಹೇಳಬಾರದು.

ಕಾಲೇಜಿನವರು ಹೊಸದಾಗಿ ಕಂಪ್ಯೂಟರ್ ಕೋರ್ಸ್ ತೆರೆದು ಒಂದು ಕೋಣೆ ತುಂಬ ಯಂತ್ರ ತರಿಸಿದ್ದರು. ರಜೆಯಲ್ಲಿ ಅವಕ್ಕೆ ಹಳದಿ ಬಟ್ಟೆ ಹೊದಿಸಿ, ಊದುಬತ್ತಿ ಹಚ್ಚಿ, ಬೀಗ ಹಾಕುತ್ತಿದ್ದರು. ಆ ಬೀಗ ತೆಗೆಸಲು ಪ್ರಿನ್ಸಿಪಾಲರ ಮುಂದೆ ನಾನು ಎಷ್ಟು ಸಲ ನಿಂತೆನೋ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಸುಮ್ಮನೆ ಹೇಳುವುದಿಲ್ಲ. ಕೊನೆಗೆ ದಸರೆಯ ರಜೆಗೆ ಅನುಮತಿ ಸಿಕ್ಕಿತು. ಕಂಪ್ಯೂಟರ್ ಪತ್ರಿಕೆಯ ಜೊತೆ ಉಚಿತವಾಗಿ ಬಂದ ಸೀಡಿಯಿಂದ ಲಿನಕ್ಸ್ ಹಾಕಿ, ವೈರುಗಳಿಂದ ಯಂತ್ರಗಳನ್ನು ಒಂದಕ್ಕೊಂದು ಕಟ್ಟಿ, ಎಲ್ಲವೂ ಒಂದೇ ಲೆಕ್ಕವನ್ನು ಹಂಚಿಕೊಳ್ಳುವ ಹಾಗೆ ಮಾಡಿದೆ. ಕರೆಂಟು ಹೋದಾಗಲೆಲ್ಲ ಯುಪಿಎಸ್ ಕುಯ್ಯೋ ಎನ್ನುತ್ತಿತ್ತು, ನಾನು ನಡುವೆ ಉಳಿಸಿಟ್ಟ ಕಡೆಯಿಂದ ಮತ್ತೆ ಶುರು ಮಾಡುತ್ತಿದ್ದೆ. ನಮ್ಮ ಅತ್ತೆಗೆ ಇದು ಯಾವುದೂ ತಿಳಿಯುತ್ತಿರಲಿಲ್ಲ. ಶಾಲೆಗೆ ರಜೆ ಬಿಟ್ಟ ಮೇಲೂ ಟಿವಿ ನೋಡಾಕ ಕೊಟ್ಟೂರಿಗೆ ಹೊಕ್ಕಾಳ ಎಂದು ಓಣಿಯವರಿಗೆ ಹೇಳುತ್ತಿದ್ದರು.

ಒಂದು ವಿಷಯ ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಪ್ರತಿ ಎಲೆಕ್ಟ್ರಾನಿಗೂ ಒಂದು ಕಾಂತಗುಣ ಇರುತ್ತದೆ. ಕಬ್ಬಿಣದಂಥ ಲೋಹದಲ್ಲಿ ಅದು ಬಹಳ ಮುಖ್ಯ. ಅದನ್ನು ಸೇರಿಸಿದರೆ ಲೆಕ್ಕ ದುಪ್ಪಟ್ಟಿಗಿಂತ ಹೆಚ್ಚಾಗುತ್ತದೆ, ಆ ಯಂತ್ರಗಳಿಗೆ ಒಂದು ರಜೆ ಸಾಲುತ್ತಿರಲಿಲ್ಲ. ಅದಕ್ಕೇ ಮೊದಲೇ ಯೋಜನೆ ಹಾಕಿಕೊಂಡಿದ್ದೆ. ಮೊದಲು ಕಾಂತಗುಣ ಬಿಟ್ಟು, ದೊಡ್ಡ ಕಣ್ಣಿನ ಜರಡಿಯಲ್ಲಿ ಎಲ್ಲ ಮಿಶ್ರಣಗಳನ್ನೂ ಹಾಯಿಸುವುದು. ಉಳಿದವನ್ನು ಬೇಸಿಗೆ ರಜೆಯಲ್ಲಿ ಕಾಂತಗುಣ ಸೇರಿಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ಹಾಯಿಸುವುದು. ಹೀಗೆ ಎರಡು ಸಲ ಜರಡಿ ಹಿಡಿಯದೆ ಯಾರ ಮುಂದೆಯೂ ಏನನ್ನೂ ಇಡಬಾರದು. ನನ್ನ ಪಿಎಚ್.ಡಿ. ಗೈಡಿಗೂ ಹೀಗೇ ಹೇಳಿ ಒಪ್ಪಿಸಿದ್ದೆ.

ಮೊದಲ ಜರಡಿಯಲ್ಲಿ ಒಂದೇ ಒಂದು ಮಿಶ್ರಣ ಉಳಿಯಿತು. ಕಬ್ಬಿಣ ಮತ್ತು ಮ್ಯಾಂಗನೀಸ್, ಮೇಲೆ ಇಂಗಾಲದ ತೆಳು ಹೊದಿಕೆ. ಲೆಕ್ಕದಲ್ಲಿ ಅದು ಪ್ಲಾಟಿನಂನ ಪಕ್ಕದಲ್ಲೇ ಬಂದು ಕೂತಿತು. ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೇಸಿಗೆ ರಜೆಗೂ ಕೋಣೆ ಬೇಕು ಎಂದು ಕೇಳಲು ಹೋದಾಗ ಪ್ರಿನ್ಸಿಪಾಲರಿಗೆ ಕಾರಣ ಹೇಳಲೇಬೇಕಾಯಿತು. ಅರ್ಧ ಕೆಲಸ ಆಗಿದೆ, ಇನ್ನರ್ಧ ಮುಗಿಯುವವರೆಗೆ ಇದಕ್ಕೆ ಬೆಲೆಯಿಲ್ಲ ಎಂದು ಬಿಡಿಸಿ ಹೇಳಿದೆ. ಅವರಿಗೆ ಕೇಳಿಸಿದ್ದು ಕಬ್ಬಿಣ, ಮ್ಯಾಂಗನೀಸ್ ಎಂಬ ಎರಡು ಹೆಸರು ಮಾತ್ರ.

ಆ ಕಾಲ ಬಲ್ಲವರಿಗೆ ಇದು ಅರ್ಥವಾಗುತ್ತದೆ. ರಸ್ತೆ ತುಂಬ ಅದಿರಿನ ಲಾರಿ, ಮರದ ಎಲೆಯೆಲ್ಲ ಕೆಂಪು. ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ಕೂಡ್ಲಿಗಿ ಕಡೆಯವರು, ಅವರವೂ ಲಾರಿಗಳಿದ್ದವು. ನಮ್ಮ ನೆಲದ ಕೆಂಪು ಮಣ್ಣು ಪ್ಲಾಟಿನಂ ಆಗುತ್ತದೆ ಎಂದು ಅವರ ಕಿವಿಗೆ ಬಿದ್ದ ಮೇಲೆ ಯಾರು ತಡೆಯುವವರು? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ವಾರ್ಷಿಕೋತ್ಸವದ ವೇದಿಕೆಯಲ್ಲಿ ನನ್ನನ್ನು ಕೂರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗೆ ಕೊಟ್ಟರು. ನಮ್ಮ ಮಣ್ಣಿನಿಂದ ನೀರಿನ ಕಾರು ಓಡುತ್ತದೆ ಎಂದು ಅಧ್ಯಕ್ಷರು ಮೈಕಿನಲ್ಲಿ ಸಾರಿದರು. ನೀರಿನ ಕಾರಂತೆ! ನೀರು ಆ ಕೋಶದ ಹೊಗೆಕೊಳವೆಯಿಂದ ಬರುವುದು, ಅದರ ಹೊಟ್ಟೆಗೆ ಹಾಕುವುದಲ್ಲ ಎಂದು ಹೇಳಲು ನನ್ನ ನಾಲಿಗೆ ಕಡಿಯುತ್ತಿತ್ತು.

ನನ್ನ ಸರದಿ ಬಂದಾಗ ನಾನು ಮೈಕಿನ ಮುಂದೆ ನಿಂತು, ಇದು ಅರ್ಧ ಲೆಕ್ಕ, ಇನ್ನೊಂದು ಲೆಕ್ಕ ಬಾಕಿ ಇದೆ, ಅದು ಇದನ್ನು ಸುಳ್ಳು ಮಾಡಬಹುದು ಎಂದು ತಿಳಿಯುವ ಕನ್ನಡದಲ್ಲೇ ಹೇಳಿದೆ. ಇಡೀ ಸಭೆ ಚಪ್ಪಾಳೆ ತಟ್ಟಿತು. ತುಂಬಿದ ಕೊಡ ತುಳುಕುವುದಿಲ್ಲ ನೋಡಿ ಎಂದು ಅಧ್ಯಕ್ಷರು ನನ್ನ ವಿನಯವನ್ನು ಹೊಗಳಿದರು. ನನ್ನ ಬದುಕಿನಲ್ಲಿ ಯಾರೂ ನನ್ನನ್ನು ವಿನಯವಂತೆ ಎಂದಿರಲಿಲ್ಲ. ಎಂದದ್ದು ಅದೊಂದೇ ಸಲ, ಅದೂ ನನ್ನ ಬಾಯಿ ಮುಚ್ಚಿಸಲು. ಮರುದಿನ ಊರ ಪತ್ರಿಕೆಯಲ್ಲಿ ನನ್ನ ಪಟ ಬಂತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿ, ಅದನ್ನು ನನ್ನ ತಲೆಗೇ ತೊಡಿಸಿದ್ದರು.

ಬೇಸಿಗೆ ಬಂತು. ಕೋಣೆಯ ಕೀಲಿ ಕೇಳಿದೆ. ಪ್ರಿನ್ಸಿಪಾಲರು ಅಧ್ಯಕ್ಷರನ್ನು ಕೇಳಿ ಎಂದರು. ಅಧ್ಯಕ್ಷರು ಸಭೆಗೆ ಬಂದ ದಿನ ಕೇಳಿದೆ. ಅವರು ಬೈಯಲಿಲ್ಲ, ಗದರಲಿಲ್ಲ. ಕುರ್ಚಿ ಎಳೆದು ಕೂರಿಸಿ, ಚಹಾ ತರಿಸಿ, ನಿಜವಾಗಿಯೂ ಅರ್ಥವಾಗದವರ ಹಾಗೆ ನನ್ನ ಮುಖ ನೋಡಿದರು.

"ಮೈಲಾರದಾಗ ಗೊರವಯ್ಯ ಬಿಲ್ಲು ಹತ್ತಿ ಕಾರ್ಣಿಕ ನುಡೀತಾನ. ನುಡಿದ ಮ್ಯಾಲ, ಇನ್ನೊಮ್ಮೆ ಹತ್ತಿ ಖರೇನೋ ಸುಳ್ಳೋ ಹೇಳಪ್ಪ ಅಂತ ಯಾರರ ಕೇಳ್ತಾರೇನ್ರಿ ಮೇಡಂ?"

ಪ್ರಿನ್ಸಿಪಾಲರು ಹಡಗಲಿಯವರು, ಪ್ರತಿ ವರ್ಷ ಮೈಲಾರದ ಜಾತ್ರೆಗೆ ನಡೆದುಕೊಳ್ಳುವವರು. ಅವರೂ ತಲೆ ಆಡಿಸಿದರು. ಕಾರ್ಣಿಕ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಉಪವಾಸ ಇದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ಸದ್ದಲೇ ಎಂದು ಕೂಗಿ ಜನರನ್ನು ಸುಮ್ಮನಾಗಿಸಿ, ಆ ವರ್ಷದ ಭವಿಷ್ಯದ ಒಂದೇ ಒಂದು ನುಡಿ ಆಡುತ್ತಾನೆ. ಮಳೆ, ಬೆಳೆ, ರಾಜಕೀಯ, ಯಾರಿಗೆ ಯಾವ ಅರ್ಥ ಬೇಕೋ ಅವರು ಅದನ್ನು ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಆ ನಂಬಿಕೆಯ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಅಪ್ಪನ ಹೆಗಲ ಮೇಲೆ ಕೂತು ಅದನ್ನು ಕೇಳಿದವಳೇ. ಆದರೆ ಅದೇ ಕಣ್ಣಿನಿಂದ ಕಂಪ್ಯೂಟರನ್ನು ನೋಡಿದರಲ್ಲ, ಅದಕ್ಕೆ ಮೈ ಉರಿಯಿತು. ಹಳದಿ ಬಟ್ಟೆ, ಊದುಬತ್ತಿ, ಬೀಗ ಇವೆಲ್ಲ ಯಾಕೆ ಎಂದು ಆಗ ತಿಳಿಯಿತು. ಅವರ ಪಾಲಿಗೆ ಯಂತ್ರ ಒಮ್ಮೆ ನುಡಿದಿತ್ತು. ನುಡಿಯನ್ನು ಪರೀಕ್ಷೆ ಮಾಡುವುದು ಅಪಚಾರ. ನಾನು ಎದ್ದು ನಿಂತು, ನುಡಿದದ್ದು ದೇವರಲ್ಲ, ನಾನು, ನಾನು ಅರ್ಧ ಲೆಕ್ಕ ಕೊಟ್ಟಿದ್ದಕ್ಕೆ ಯಂತ್ರ ಅರ್ಧ ಉತ್ತರ ಕೊಟ್ಟಿದೆ ಎಂದು ಜೋರಾಗಿಯೇ ಹೇಳಿದೆ. ನನ್ನ ಸಿಟ್ಟಿನ ಖ್ಯಾತಿ ಶುರುವಾದದ್ದು ಆ ದಿನದಿಂದ. ಕೀಲಿ ಸಿಗಲಿಲ್ಲ.

ಮನೆಯಲ್ಲೇ ಹಾಕಿದೆ ಲೆಕ್ಕವನ್ನು. ಗಂಡ ತನ್ನ ಅಂಗಡಿಯ ಬಿಲ್ಲಿನ ಕಂಪ್ಯೂಟರನ್ನು ಮನೆಗೆ ತಂದಿಟ್ಟು, ಇನ್ವರ್ಟರಿಗೆ ಲಾರಿಯ ಬ್ಯಾಟರಿ ಜೋಡಿಸಿಕೊಟ್ಟರು. ಬಿಲ್ಲನ್ನು ಕೈಯಲ್ಲಿ ಬರೆಯುತ್ತಾ ಒಂದು ಮಾತೂ ಆಡಲಿಲ್ಲ, ಅದು ಅವರ ದೊಡ್ಡತನ. ಕೋಣೆ ತುಂಬ ಯಂತ್ರ ಮಾಡಬೇಕಿದ್ದ ಕೆಲಸವನ್ನು ಅದೊಂದೇ ತೆವಳುತ್ತಾ ಮಾಡಿತು. ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ಜೋಳದ ರಾಶಿಯ ಹೊತ್ತಿಗೆ ಉತ್ತರ ಬಂತು. ಕಾಂತಗುಣ ಸೇರಿಸಿದ ಕೂಡಲೇ ಆಮ್ಲಜನಕದ ಹಿಡಿತ ಸಡಿಲವಾಗಿಬಿಟ್ಟಿತ್ತು. ನನ್ನ ಹಮಾಲಿ ಚೀಲಕ್ಕೆ ಕೈಯನ್ನೇ ಹಾಕುತ್ತಿರಲಿಲ್ಲ. ಇಲ್ಲ, ಈ ಮಿಶ್ರಣ ಕೆಲಸ ಮಾಡುವುದಿಲ್ಲ.

ಬೇಸರವಾಯಿತು, ಆದರೆ ಅವಮಾನವಾಗಲಿಲ್ಲ. ಜರಡಿ ಇರುವುದೇ ಇದಕ್ಕೆ. ಇಲ್ಲ ಎನ್ನುವುದೂ ಒಂದು ಉತ್ತರ. ಆ ಇಲ್ಲ ಎಂಬುದನ್ನು ಬೇಗ ಹೊರಗೆ ಹಾಕಬೇಕಿತ್ತು, ಇಲ್ಲದಿದ್ದರೆ ಎಲ್ಲೋ ಯಾರೋ ಮೊದಲ ಲೆಕ್ಕ ನಂಬಿ ಕುಲುಮೆ ಹಚ್ಚುತ್ತಾರೆ. ನನಗಿದ್ದ ಭಯ ಅದೊಂದೇ. ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು, ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ, ಗೈಡಿನ ಹತ್ತಿರ ಹೋದೆ.

ಗೈಡು ದೊಡ್ಡ ಮನುಷ್ಯ. ಸೀದಾ ಕೂತು, ಕನ್ನಡಕ ಹಾಕಿಕೊಂಡು, ಎಲ್ಲವನ್ನೂ ಓದಿದರು. ಲೆಕ್ಕ ಸರಿಯಾಗಿದೆ ಎಂದೂ ಒಪ್ಪಿದರು. ಆಮೇಲೆ ಮೇಜಿನ ಮೇಲಿದ್ದ ಒಂದು ದಪ್ಪ ಪುಸ್ತಕ ನನ್ನ ಕಡೆಗೆ ತಳ್ಳಿದರು. ಯಾವುದೋ ವಿಚಾರ ಸಂಕಿರಣದ ಪ್ರಬಂಧಗಳು. ಅದರೊಳಗೆ, ಪ್ರಗತಿ ವರದಿಯಲ್ಲಿ ನಾನು ಅವರಿಗೆ ಕಳಿಸಿದ್ದ ಮೊದಲ ಲೆಕ್ಕ ಅಚ್ಚಾಗಿತ್ತು, ಅವರ ಹೆಸರು ಮೊದಲು, ನನ್ನದು ಆಮೇಲೆ. ಕಾಂತಗುಣ ಬಿಟ್ಟಿದ್ದೇವೆ ಎಂಬ ಒಂದು ಸಾಲೂ ಇರಲಿಲ್ಲ. ನನ್ನನ್ನು ಕೇಳಿರಲಿಲ್ಲ, ಹೇಳಿಯೂ ಇರಲಿಲ್ಲ.

ಎರಡು ಅಧ್ಯಾಯಗಳು ಒಂದಕ್ಕೊಂದು ಜಗಳ ಆಡಿದರೆ ಪ್ರಬಂಧ ಪಾಸಾಗುವುದಿಲ್ಲ, ಎರಡನೆಯದನ್ನು ಬಿಡು, ಪದವಿ ಬಂದ ಮೇಲೆ ನಿಧಾನಕ್ಕೆ ಬರೆದರಾಯಿತು ಎಂದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಬುದ್ಧಿ ಬೇರೆ ಹೇಳಿದರು. ಹಾವು ಯಾವುದು ಸರ್, ನನ್ನ ಎರಡನೇ ಲೆಕ್ಕವೋ ಎಂದು ಕೇಳಿದೆ. ಅವರು ನಕ್ಕರು. ನನಗೆ ಆ ನಗು ಇಂದಿಗೂ ಕಣ್ಣಿಗೆ ಕಟ್ಟಿದೆ. ಈ ವಿಷಯ ಓದದವರು ನಂಬಿಕೆಯಿಂದ ಮಾಡಿದ್ದನ್ನು ಈ ಓದಿದ ಮನುಷ್ಯ ಗೊತ್ತಿದ್ದೂ ಮಾಡಿದ್ದರು. ಅಧ್ಯಕ್ಷರ ಮೇಲೆ ಬಂದದ್ದು ಬರೀ ಸಿಟ್ಟು. ಇವರ ಮೇಲೆ ಬಂದದ್ದು ಹೇಸಿಗೆ. ಕೋಣೆಯ ಹೊರಗಿದ್ದ ವಿದ್ಯಾರ್ಥಿಗಳಿಗೆ ಕೇಳಲಿ ಎಂದೇ ದನಿ ಎತ್ತಿ ಹೇಳಿದೆ, "ಸುಳ್ಳಿಗೆ ನೀವು ಸಹಿ ಹಾಕ್ರಿ, ನಾ ಹಾಕಂಗಿಲ್ಲ." ನೋಂದಣಿ ರದ್ದು ಮಾಡಿಸಿ ಬಂದೆ.

ಪದವಿ ಹೋದದ್ದು ಹೋಯಿತು. ಆದರೆ ಇಲ್ಲ ಎಂಬ ಆ ಒಂದು ಮಾತನ್ನು ಎಲ್ಲಿ ಇಳಿಸುವುದು? ಸಂಕಿರಣ ನಡೆಸಿದವರಿಗೆ ಬರೆದೆ, ಗೈಡಿನ ಮೂಲಕ ಬನ್ನಿ ಎಂದು ಉತ್ತರ ಬಂತು. ಗೈಡೇ ನನಗೆ ಬಾಗಿಲು ಮುಚ್ಚಿದ್ದರು. ಪ್ರಿನ್ಸಿಪಾಲರಿಗೆ ಹಾಳೆ ತೋರಿಸಿದರೆ, ಆಡಿದ ನುಡಿಯನ್ನು ತಿರುವಿ ಹಾಕಬ್ಯಾಡ್ರಿ, ಕಾಲೇಜಿಗೆ ಒಳ್ಳೇದಲ್ಲ ಎಂದು ಕೈ ಮುಗಿದರು. ನನ್ನ ಪಟ ಹಾಕಿದ್ದ ಪತ್ರಿಕೆಯವನಿಗೆ ಹೇಳಿದರೆ, ಕಾರು ಓಡಿದರೆ ಸುದ್ದಿ, ಓಡದ ಕಾರು ಎಲ್ಲರ ಮನೆಯಲ್ಲೂ ಇದೆ ಮೇಡಂ ಎಂದ. ಕೊನೆಗೆ ನಾನು ಪಾಠ ಮಾಡುವ ಪ್ರತಿ ತರಗತಿಯಲ್ಲೂ ಅದನ್ನೇ ಹೇಳುತ್ತಾ ಬಂದೆ. ಕ್ರಿಯಾವರ್ಧಕದ ಪಾಠ ಬಂದರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಿದ್ದರು, ಮೇಡಂ ಶುರು ಮಾಡಿದರು ಎಂದು. ನೋಡಿಕೊಳ್ಳಲಿ ಬಿಡಿ. ಕೊನೆಗೆ ಕಾಲೇಜನ್ನೂ ಬಿಟ್ಟು, ಹಗರಿಬೊಮ್ಮನಹಳ್ಳಿಯಲ್ಲೇ ಮನೆಪಾಠ ಹಿಡಿದೆ.

ಕೆಲವು ವರ್ಷ ಕಳೆದವು. ಅದಿರಿನ ಗದ್ದಲವೂ ಇಳಿಯುತ್ತಾ ಬಂದಿತ್ತು. ಒಂದು ಮಧ್ಯಾಹ್ನ, ಅತ್ತೆ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಾಗ, ಒಬ್ಬ ಹುಡುಗಿ ಮನೆ ಕೇಳಿಕೊಂಡು ಬಂದಳು. ತಂಬ್ರಹಳ್ಳಿಯವಳು. ಅಪ್ಪ ಅವ್ವ ಕೂಲಿ ಮಾಡಿ ಓದಿಸಿದ್ದರು, ಆ ಮನೆತನದಲ್ಲಿ ಎಂ.ಎಸ್ಸಿ. ದಾಟಿದವಳು ಇವಳೊಬ್ಬಳೇ. ಬೇರೊಂದು ವಿಶ್ವವಿದ್ಯಾಲಯದಲ್ಲಿ ಎಂ.ಫಿಲ್. ಸೇರಿದ್ದಳಂತೆ. ಅಲ್ಲಿಯ ಅವಳ ಗೈಡು ಗ್ರಂಥಾಲಯದಿಂದ ಒಂದು ದಪ್ಪ ಪುಸ್ತಕ ತೆಗೆದು, ಇದನ್ನು ಮಾಡಿ ತೋರಿಸು ಎಂದು ಒಂದು ಪ್ರಬಂಧ ಕೊಟ್ಟಿದ್ದರಂತೆ. ಚೀಲದಿಂದ ಆ ಪುಟಗಳ ನಕಲು ತೆಗೆದು ನನ್ನ ಮುಂದೆ ಇಟ್ಟಳು. ಎರಡನೇ ಹೆಸರಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದಳು. ಅದು ನನ್ನ ಹೆಸರು.

ವರ್ಷವಿಡೀ ಆ ಮಿಶ್ರಣ ಮಾಡಿದ್ದಳು. ಕಬ್ಬಿಣ ಬದಲಿಸಿ, ಇಂಗಾಲ ಬದಲಿಸಿ, ಕುಲುಮೆಯ ಬಿಸಿ ಏರಿಸಿ ಇಳಿಸಿ, ಎಷ್ಟು ಸಲ ಮಾಡಿದರೂ ಆಮ್ಲಜನಕ ಅದರ ಮೇಲೆ ನಿಲ್ಲುತ್ತಿರಲಿಲ್ಲ. ಲೆಕ್ಕ ಸರಿ ಇದೆ, ನಿನ್ನ ಕೈ ಸರಿ ಇಲ್ಲ ಎಂದು ಗೈಡು ಹೇಳಿದರಂತೆ. ಕೂಲಿ ಮಾಡುವವರ ಮಕ್ಕಳಿಗೆ ಕುಲುಮೆ ಹಿಡಿಯೋದು ಗೊತ್ತಾದೀತು ಅಂದುಕೊಂಡಿದ್ದೆ ಎಂದೂ ಅಂದರಂತೆ. ಅವಧಿ ಮುಗಿಯಿತು, ಪ್ರಬಂಧ ಆಗಲಿಲ್ಲ, ಮುಂದಿನ ಓದಿಗೆ ಇದ್ದ ಸೀಟೂ ಹೋಯಿತು. ಮನೆಯಲ್ಲಿ ಮದುವೆ ಗಟ್ಟಿ ಮಾಡಿದ್ದರು. ಗಂಡಿನ ಕಡೆಯವರಿಗೆ ಓದು ಬೇಡವಾಗಿತ್ತು. ಹೋಗುವ ಮೊದಲು ತನ್ನ ತಪ್ಪು ಎಲ್ಲಿತ್ತು ಎಂದಾದರೂ ತಿಳಿದುಕೊಳ್ಳೋಣ ಎಂದು ಬಂದಿದ್ದಳು.

ನಾನು ಒಳಗೆ ಹೋಗಿ ಎರಡನೇ ಲೆಕ್ಕ ತಂದೆ. ಅವಳ ಅಳತೆಯ ನಕ್ಷೆಯನ್ನು ಪಕ್ಕದಲ್ಲಿಟ್ಟೆ. ಎರಡೂ ಒಂದೇ ಮಾತು ಹೇಳುತ್ತಿದ್ದವು. ಹಗುರ ಹಿಡಿತ, ಏನೂ ನಡೆಯದ ಮೇಲ್ಮೈ, ನಾನು ಬರೆದ ಹಾಗೇ ಅವಳಿಗೆ ಸಿಕ್ಕಿತ್ತು. ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರು ಒಂದು ಪ್ರಯೋಗ ಬಂದು ತಮ್ಮ ಲೆಕ್ಕವನ್ನು ಒಪ್ಪಲಿ ಎಂದು ಜೀವಮಾನವಿಡೀ ಕಾಯುತ್ತಾರೆ. ನನ್ನದು ಒಪ್ಪಿತ್ತು, ಆ ದಿನ, ಆ ಹುಡುಗಿಯ ಚೀಲದಿಂದ ಹೊರಬಂದು. ಒಂದು ಕ್ಷಣ ಎದೆ ಹಿಗ್ಗಿತು. ಮರುಕ್ಷಣ, ಹಿಗ್ಗಿದ ಎದೆಗೆ ಒದೆಯಬೇಕು ಅನ್ನಿಸಿತು.

"ನಿನ್ನ ಕೈ ಸರಿ ಐತವ್ವ," ಎಂದೆ. "ನೀ ಮಾಡಿದ್ದೆಲ್ಲ ಸರಿ ಐತಿ. ಕೆಲಸ ಮಾಡೋ ವಸ್ತುನ ಅಲ್ಲ ಅದು."

ಅವಳು ಹಾಳೆಯ ಮೇಲಿದ್ದ ಇಸವಿ ನೋಡಿದಳು. ಅವಳು ಕುಲುಮೆ ಹಚ್ಚುವುದಕ್ಕೆ ಎಷ್ಟೋ ಮೊದಲಿನದು. ಇದು ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ನಾನು ಹೇಳಿದೆ, ಎಲ್ಲವನ್ನೂ. ಗೈಡಿಗೆ, ಪ್ರಿನ್ಸಿಪಾಲರಿಗೆ, ಪತ್ರಿಕೆಯವನಿಗೆ, ಸಂಕಿರಣದವರಿಗೆ, ಪಾಠ ಕೇಳಿದ ಎಲ್ಲ ಮಕ್ಕಳಿಗೆ ಹೇಳಿದ್ದೆ ಎಂದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ಏರಿತು, ಅತ್ತೆ ಹಪ್ಪಳ ಬಿಟ್ಟು ಬಾಗಿಲಿಗೆ ಬಂದು ನಿಂತರು. ಹುಡುಗಿ ಪೂರ್ತಿ ಕೇಳಿಸಿಕೊಂಡಳು. ಅಳಲಿಲ್ಲ. ಅವಳ ಮುಖದಲ್ಲಿ ಇದ್ದದ್ದು ಸಿಟ್ಟು, ನನ್ನದಕ್ಕಿಂತ ತಣ್ಣಗಿನದು.

"ಎಲ್ಲಾರಿಗೂ ಹೇಳೀರಿ ಮೇಡಂ," ಎಂದಳು. "ಕುಲುಮಿ ಮುಂದ ಕುಂತಾಕಿಗೆ ಯಾರೂ ಹೇಳಲಿಲ್ಲ."

ಆಮೇಲೆ ಆ ಹಾಳೆಗಳನ್ನು ತನಗೆ ಕೊಡುತ್ತೀರಾ ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ಅವನ್ನು ಬೇಕು ಎಂದು ಕೇಳಿ ಪಡೆದವಳು ಅವಳೊಬ್ಬಳೇ. ಮಡಿಚಿ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟಳು. ಅವಳಿಗೆ ಅವು ಇನ್ನು ಯಾವ ಉಪಯೋಗಕ್ಕೂ ಬರುವಂತಿರಲಿಲ್ಲ.